ಎಷ್ಟು ದೂರ ಎಂಬುದನ್ನು ಜಿಂಕೆಯೇ ಹೇಳಲಿ

ಮೈದನಹಳ್ಳಿಯ ಹುಲ್ಲುಗಾವಲಿಗೆ ಕ್ಯಾಮೆರಾ ಹಿಡಿದು ಹೊಸದಾಗಿ ಬಂದವರು ಮೊದಲು ಹುಡುಕುವುದು ಮರೆಯನ್ನು. ಬಂಡೀಪುರ, ನಾಗರಹೊಳೆಯ ಚಿತ್ರಗಳನ್ನು ನೋಡಿ ಪಳಗಿದ ಕಣ್ಣಿಗೆ ಕಾಡೆಂದರೆ ಮರ, ಪೊದೆ, ಅದರ ಹಿಂದೆ ಅಡಗಿ ಕೂರುವ ನಾವು. ಇಲ್ಲಿ ಅದ್ಯಾವುದೂ ಇಲ್ಲ. ಮಧುಗಿರಿ ತಾಲ್ಲೂಕಿನ ಒಂದು ಅಂಚು, ಆಚೆ ಆಂಧ್ರ, ನಡುವೆ ಮೊಣಕಾಲೆತ್ತರದ ಹುಲ್ಲು, ಅಲ್ಲಲ್ಲಿ ಅಕೇಶಿಯಾ ನೆಡುತೋಪು, ದೂರದಲ್ಲಿ ಬಂಡೆಗುಡ್ಡಗಳು. ದೇವರಾಯನದುರ್ಗದಲ್ಲಿ ಹುಟ್ಟಿ ಈ ಕಡೆಗೆ ಹರಿಯುವ ಜಯಮಂಗಲಿ ನದಿಯ ಹೆಸರಿಟ್ಟು 2007ರಲ್ಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಿದ 798 ಎಕರೆ ಇದು. ಇಷ್ಟಗಲ ಬಯಲಿನಲ್ಲಿ ಜಿಂಕೆ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ, ಅದು ನಮ್ಮನ್ನು ನೋಡಿ ಬಹಳ ಹೊತ್ತಾಗಿರುತ್ತದೆ.

ವನ್ಯಜೀವಿ ಛಾಯಾಗ್ರಹಣದ ಬಗ್ಗೆ ನನ್ನನ್ನು ಯಾರಾದರೂ ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಲೆನ್ಸಿನದು. 400 ಮಿಲಿಮೀಟರ್ ಸಾಕಾ, 600 ಬೇಕಾ, ಜೊತೆಗೆ ಲೆನ್ಸಿನ ಎಟುಕು ಹೆಚ್ಚಿಸುವ ಟೆಲಿಕನ್ವರ್ಟರ್ ಹಾಕಬಹುದಾ? ಆ ಪ್ರಶ್ನೆಗೆ ಬೆಲೆಯಿಲ್ಲ ಎಂದು ನಾನು ಹೇಳಲಾರೆ. ಜಿಂಕೆ ಎರಡು ಪಟ್ಟು ದೂರ ಹೋದರೆ ಚೌಕಟ್ಟಿನಲ್ಲಿ ಅದು ತುಂಬುವ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ, ಇದು ಸುಮ್ಮನೆ ಲೆಕ್ಕ. ಆದರೆ ತುಮಕೂರು ಜಿಲ್ಲೆಯಲ್ಲಿ ಇಷ್ಟು ವರ್ಷ ಅಲೆದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಬೇರೆ. ನಮ್ಮ ಪ್ರಾಣಿ ಪಕ್ಷಿಗಳು ಬದುಕುವುದು ದಟ್ಟ ಕಾಡಿನಲ್ಲಲ್ಲ. ಕಡಲೆಕಾಯಿ ಹೊಲದ ಬದುವಿನಲ್ಲಿ, ಊರ ಹುಣಸೆ ಮರದಲ್ಲಿ, ಕಲ್ಲು ಗುಡ್ಡದ ಕುರುಚಲಿನಲ್ಲಿ. ಅವು ದಿನವಿಡೀ ಮನುಷ್ಯನನ್ನು ಅಳೆಯುತ್ತಲೇ ಇರುತ್ತವೆ. ಹಾಗಾಗಿ ದೂರವನ್ನು ನಿಗದಿ ಮಾಡುವ ಅಧಿಕಾರ ಅವುಗಳದೇ ಎಂದು ಒಪ್ಪಿಕೊಂಡರೆ ಶಟರ್ ಸ್ಪೀಡಿನಿಂದ ಹಿಡಿದು ಚಿತ್ರವನ್ನು ಎಲ್ಲಿ ಹಂಚಬೇಕು ಎಂಬವರೆಗೆ ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಮೊದಲು ಕಲಿಯಬೇಕಾದ್ದು ಕ್ಯಾಮೆರಾದ ಗುಂಡಿಗಳನ್ನಲ್ಲ, ಜಿಂಕೆಯ ಕತ್ತನ್ನು. ಮೇಯುತ್ತಿರುವ ಹಿಂಡಿನಲ್ಲಿ ಒಂದು ಹೆಣ್ಣು ತಲೆ ಎತ್ತಿತು ಎಂದರೆ ನಿಮ್ಮನ್ನು ಗಮನಿಸಿದೆ ಎಂದರ್ಥ. ಅದು ಮತ್ತೆ ಬಾಯಿ ನೆಲಕ್ಕೆ ಹಾಕಿತೆಂದರೆ ಸದ್ಯಕ್ಕೆ ನೀವಿರುವ ಜಾಗ ಅದಕ್ಕೆ ಒಪ್ಪಿಗೆ. ಎರಡು ಮೂರು ತಲೆಗಳು ಒಟ್ಟಿಗೆ ಎದ್ದು ಕಿವಿಗಳೆಲ್ಲ ನಿಮ್ಮ ಕಡೆ ತಿರುಗಿದರೆ ಅಲ್ಲೇ ನಿಂತುಬಿಡಬೇಕು. ಅದನ್ನೂ ಮೀರಿ ಒಂದು ಹೆಜ್ಜೆ ಇಟ್ಟಿರೋ, ಹಿಂಡು ಮೈ ತಿರುಗಿಸುತ್ತದೆ, ಒಂದೆರಡು ನಾಲ್ಕೂ ಕಾಲು ಒಟ್ಟಿಗೆ ಎತ್ತಿ ಚೆಂಗನೆ ನೆಗೆಯುತ್ತವೆ, ಉಳಿದವು ಸಾಲು ಹಿಡಿಯುತ್ತವೆ. ಆ ನೆಗೆತದ ಚಿತ್ರ ಎಲ್ಲರಿಗೂ ಬೇಕು. ಹುಲ್ಲಿನ ಮೇಲೆ ತೇಲುವ ಕೃಷ್ಣಮೃಗ ನೋಡಲು ಸೊಗಸೇ ಸರಿ. ಆದರೆ ಅಂಥ ಚಿತ್ರಗಳಲ್ಲಿ ಬಹುಪಾಲು ಜಿಂಕೆಯನ್ನು ಬೆದರಿಸಿ ತೆಗೆದವು ಎಂಬುದು ಕಣ್ಣಿದ್ದವರಿಗೆ ಗೊತ್ತಾಗುತ್ತದೆ. ಕತ್ತು ಹಿಂದಕ್ಕೆ ವಾಲಿರುತ್ತದೆ, ಕಣ್ಣ ಬಿಳಿ ಕಾಣುತ್ತದೆ, ಬಾಲ ಎದ್ದಿರುತ್ತದೆ. ಜೀಪು ಓಡಿಸಿ ಹಿಂಡನ್ನು ಎಬ್ಬಿಸುವವರನ್ನು ಕಂಡಾಗ ನನಗೆ ಬರುವ ಸಿಟ್ಟನ್ನು ಇಲ್ಲಿ ಮುಚ್ಚಿಡಲಾರೆ. ಬೇಸಿಗೆಯ ಒಣಹುಲ್ಲು ತಿಂದು ಬದುಕುವ ಪ್ರಾಣಿಗೆ ಒಂದೊಂದು ಓಟವೂ ಮೈಯಿಂದ ಕಿತ್ತುಕೊಂಡ ಶಕ್ತಿ. ಹೊಟ್ಟೆಯಲ್ಲಿ ಮರಿ ಇರುವ ಹೆಣ್ಣಿಗೆ ಇನ್ನೂ ಕಷ್ಟ.

ಬೆದರಿಸದೆಯೂ ಓಟದ ಚಿತ್ರ ಸಿಗುತ್ತದೆ. ಹೇಗೆಂದರೆ, ಗಂಡಿನ ಗಡಿಯನ್ನು ತಿಳಿದುಕೊಳ್ಳಬೇಕು. ಬಲಿತ ಗಂಡು ಒಂದು ತುಂಡು ನೆಲವನ್ನು ತನ್ನದೆಂದು ಹಿಡಿದುಕೊಂಡಿರುತ್ತದೆ. ಅದೇ ಜಾಗಗಳಲ್ಲಿ ದಿನದಿನವೂ ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ, ಕಣ್ಣ ಬಳಿಯ ಗ್ರಂಥಿಯನ್ನು ಹುಲ್ಲಿನ ಕಡ್ಡಿಗೆ ಉಜ್ಜಿ ವಾಸನೆ ಬಿಡುತ್ತದೆ. ಮೂಗು ಮೇಲೆತ್ತಿ, ಕೊಂಬನ್ನು ಬೆನ್ನಿಗೆ ಒರಗಿಸಿ, ಕಿವಿ ಇಳಿಬಿಟ್ಟು ಗತ್ತಿನಲ್ಲಿ ನಡೆಯುವುದು ಹೆಣ್ಣುಗಳು ಆ ಗಡಿಯೊಳಗೆ ಬಂದಾಗ. ಇನ್ನೊಂದು ಗಂಡು ಹತ್ತಿರ ಸುಳಿದರೆ ಓಡಿಸಿಕೊಂಡು ಹೋಗಿ ಮತ್ತೆ ಅದೇ ಹಿಕ್ಕೆಗುಡ್ಡೆಗೆ ಮರಳುತ್ತದೆ. ಅಂದರೆ ಅದು ಎಲ್ಲಿಗೆ ಬರುತ್ತದೆ ಎಂಬುದು ಮೊದಲೇ ಗೊತ್ತು. ಗಾಳಿ ಎತ್ತ ಬೀಸುತ್ತಿದೆ, ಬೆಳಕು ಯಾವ ಕಡೆಯಿಂದ ಬೀಳುತ್ತದೆ ನೋಡಿಕೊಂಡು, ಗುಡ್ಡೆಯಿಂದ ದೂರದಲ್ಲಿ ಗಾಡಿ ನಿಲ್ಲಿಸಿ ಕಾದರೆ ಗಂಡೇ ನಿಮ್ಮ ಚೌಕಟ್ಟಿನೊಳಗೆ ಓಡಿ ಬರುತ್ತದೆ. ಆ ಓಟಕ್ಕೆ ಶಟರ್ ಸ್ಪೀಡನ್ನು ಸೆಕೆಂಡಿನ 1/2000ಕ್ಕೆ ಇಟ್ಟರೆ ಗೊರಸಿನಿಂದ ಎದ್ದ ಮಣ್ಣಿನ ಕಣವೂ ನಿಲ್ಲುತ್ತದೆ. ಓಟದ ರಭಸವೇ ಚಿತ್ರವಾಗಬೇಕು ಎಂದಿದ್ದರೆ 1/40ರಿಂದ 1/60ಕ್ಕೆ ಇಳಿಸಿ, ಸೊಂಟದಿಂದ ಮೇಲಿನ ಮೈಯನ್ನಷ್ಟೇ ತಿರುಗಿಸುತ್ತ ಜಿಂಕೆಯ ಜೊತೆಗೇ ಕ್ಯಾಮೆರಾ ಸಾಗಿಸಬೇಕು. ಹಿನ್ನೆಲೆಯ ಹುಲ್ಲೆಲ್ಲ ಗೆರೆಗಳಾಗಿ ಎಳೆದುಹೋಗಿ ತಲೆ ಮಾತ್ರ ಚೂಪಾಗಿ ಉಳಿಯುತ್ತದೆ. ಬಹಳ ಫ್ರೇಮುಗಳು ಕೆಡುತ್ತವೆ, ಕೆಡಲಿ.

ಒಮ್ಮೆ ಮೀಸಲಿನ ಹೊರಗೆ, ಹುರುಳಿ ಹೊಲದ ಬದುವಿನ ಮೇಲೆ ಕೂತಿದ್ದ ಯಜಮಾನರೊಬ್ಬರು ನಾನು ಅತ್ತಿಂದಿತ್ತ ಜಾಗ ಬದಲಿಸುವುದನ್ನು ನೋಡುತ್ತಿದ್ದು, ಕೊನೆಗೆ ಹೇಳಿದರು: "ಒಂದ್ ಕಡೆ ಕುಂತ್ಕಳಿ ಸಾರ್, ಅವೇ ಬತ್ತವೆ."

"ನಿಮ್ಮ ಹೊಲಕ್ಕೂ ಬರ್ತವಾ ಯಜಮಾನ್ರೆ?"

"ಬರ್ದೆ ಏನು? ಸಂಜೆ ಆದ್ರೆ ಹುರುಳಿ ಮೇಯಾಕೆ ಇಲ್ಲೇ ಬರಾದು."

ನಷ್ಟ ಅನುಭವಿಸುವವರು ಅವರು, ಚಿತ್ರ ಒಯ್ಯುವವರು ನಾವು. ಬೇಲಿ ದಾಟಿ ಬೆಳೆ ತುಳಿದು ಒಳ್ಳೆಯ ಕೋನ ಹುಡುಕುವ ಮುನ್ನ ಇದು ನೆನಪಿರಬೇಕು. ಹೊಲದವರನ್ನು ಕೇಳಿ, ಅವರು ತೋರಿಸಿದ ಜಾಗದಲ್ಲಿ ಕೂತರೆ ಜಿಂಕೆಗಳ ದಾರಿ, ಹೊತ್ತು, ನೀರಿನ ಗುಂಡಿ ಎಲ್ಲವೂ ಮಾತಿನ ನಡುವೆ ತಿಳಿಯುತ್ತವೆ. ಯಾವ ಕ್ಯಾಮೆರಾ ಪುಸ್ತಕದಲ್ಲೂ ಇದು ಸಿಗುವುದಿಲ್ಲ.

ಬಯಲಿನಲ್ಲಿ ನಮಗಿರುವ ಒಳ್ಳೆಯ ಮರೆ ಎಂದರೆ ಗಾಡಿಯೇ. ನಡೆದು ಬರುವ ಮನುಷ್ಯನ ಆಕಾರಕ್ಕೆ ಬೆಚ್ಚುವ ಪ್ರಾಣಿ ನಿಂತ ಕಾರಿಗೆ ಅಷ್ಟಾಗಿ ಹೆದರುವುದಿಲ್ಲ. ಕಿಟಕಿಯ ಮೇಲೆ ಬೀನ್ ಬ್ಯಾಗ್ ಇಟ್ಟು ಅದರ ಮೇಲೆ ಲೆನ್ಸ್ ಊರಿದರೆ ಟ್ರೈಪಾಡಿಗಿಂತ ಚೆನ್ನಾಗಿ ನಿಲ್ಲುತ್ತದೆ. ಅಂಗಡಿಯದೇ ಬೇಕೆಂದಿಲ್ಲ, ಗಟ್ಟಿ ಬಟ್ಟೆಯ ಚೀಲ ಹೊಲಿಸಿ ರಾಗಿ ತುಂಬಿದರೆ ಆಯಿತು. ರಾಗಿ ಕಾಳು ಸಣ್ಣದಾದ್ದರಿಂದ ಲೆನ್ಸಿನ ಆಕಾರಕ್ಕೆ ಸರಿಯಾಗಿ ಕೂರುತ್ತದೆ, ಮರಳಿನಷ್ಟು ಭಾರವಿಲ್ಲ, ದೂಳೂ ಉದುರುವುದಿಲ್ಲ. ಎಂಜಿನ್ ಆರಿಸುವುದು ಕಡ್ಡಾಯ. ಅದರ ನಡುಕ ಲೆನ್ಸಿಗೆ ಬರುತ್ತದೆ, ಬಾನೆಟ್ಟಿನ ಕಾವು ಚಿತ್ರದೊಳಗೆ ಬರುತ್ತದೆ. ಎಸಿಯನ್ನೂ ಮೊದಲೇ ಆರಿಸಿ ಗಾಜು ಇಳಿಸಿಡಬೇಕು, ಇಲ್ಲದಿದ್ದರೆ ಕಾರಿನೊಳಗಿನ ತಂಪು ಗಾಳಿಯೂ ಹೊರಗಿನ ಬಿಸಿ ಗಾಳಿಯೂ ಕಿಟಕಿಯಲ್ಲೇ ಕಲೆತು, ಲೆನ್ಸಿನ ಬಾಯಿಗೇ ನಡುಗುವ ಪರದೆ ಕಟ್ಟಿದಂತಾಗುತ್ತದೆ. ಬಾಗಿಲು ತೆಗೆದು ಇಳಿಯಬಾರದು. ಇಳಿದ ಕ್ಷಣಕ್ಕೆ ಕಾರು ಮನುಷ್ಯನಾಗಿಬಿಡುತ್ತದೆ.

ಕಾರಿನಿಂದ ತೆಗೆದ ಚಿತ್ರಕ್ಕೆ ಒಂದು ದೋಷವಿದೆ, ಎತ್ತರ. ಮೇಲಿನಿಂದ ಕೆಳಕ್ಕೆ ನೋಡಿದಾಗ ಜಿಂಕೆಯ ಹಿಂದಿರುವುದು ಅದರ ಪಕ್ಕದ ನೆಲವೇ. ಹತ್ತಿರದ ನೆಲ ಎಷ್ಟು ದೊಡ್ಡ ಅಪರ್ಚರ್ (ಲೆನ್ಸಿನ ಕಿಂಡಿ) ಇಟ್ಟರೂ ಮಸುಕಾಗುವುದಿಲ್ಲ. ಕ್ಯಾಮೆರಾವನ್ನು ಜಿಂಕೆಯ ಕಣ್ಣಿನ ಮಟ್ಟಕ್ಕೆ ತಂದರೆ ಹಿನ್ನೆಲೆ ಒಮ್ಮೆಲೆ ಅರ್ಧ ಮೈಲಿ ಹಿಂದಕ್ಕೆ ಸರಿಯುತ್ತದೆ. ಆಗ ಎಫ್/8ರಷ್ಟು ಕಿರಿದಾದ ಅಪರ್ಚರಿನಲ್ಲೂ ಹಿಂದಿನ ಗುಡ್ಡ ತಿಳಿನೀಲಿ ಬಣ್ಣವಾಗಿ ಕರಗುತ್ತದೆ, ಮುಂದಿನ ಹುಲ್ಲು ಹಸಿರು ಮಂಜಾಗುತ್ತದೆ. ಹಾಗಾಗಿ ನೆಲ ಸ್ವಲ್ಪ ತಗ್ಗಾಗಿರುವ, ದಾರಿ ಇಳಿದು ಸಾಗುವ ಕಡೆ ಗಾಡಿ ನಿಲ್ಲಿಸಿದರೆ ಅರ್ಧ ಕೆಲಸ ಆದಂತೆ. ಟಿಟ್ಟಿಭ, ನೆಲಗುಬ್ಬಿ, ಕೌಜುಗದಂಥ ನೆಲದ ಹಕ್ಕಿಗಳಿಗಂತೂ ಮಣ್ಣಿಗೆ ಹೊಟ್ಟೆ ಹಚ್ಚಿ ಮಲಗದೆ ಬೇರೆ ದಾರಿಯಿಲ್ಲ. ಮಲಗುವ ಮುನ್ನ ಮಾತ್ರ ಕೆಳಗೆ ನೋಡಬೇಕು. ಟಿಟ್ಟಿಭ ಮೊಟ್ಟೆ ಇಡುವುದು ಬರೀ ನೆಲದ ಮೇಲೆ, ಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದಲ್ಲಿ. ಹಕ್ಕಿ ತಲೆಯ ಮೇಲೆ ಸುತ್ತುತ್ತ ಬಿಡದೆ ಕೂಗುತ್ತಿದ್ದರೆ ಅದು ನಿಮಗೆ ಪೋಸು ಕೊಡುತ್ತಿಲ್ಲ. ಬಂದ ಹೆಜ್ಜೆಯಲ್ಲೇ ಹಿಂದಿರುಗಿ. ಬಿಸಿಲಿನ ದಿನ ಅದು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ನಾವು ಅಲ್ಲಿ ಕೂತಷ್ಟು ಹೊತ್ತು ಆ ಮೊಟ್ಟೆ ಬೇಯುತ್ತಿರುತ್ತದೆ.

ಬೆಳಕಿನ ವಿಷಯಕ್ಕೆ ಬರೋಣ. ಯೂರೋಪಿನವರು ಬರೆದ ಪಾಠಗಳಲ್ಲಿ ಬೆಳಗಿನ ಹೊನ್ನಿನ ಬೆಳಕು ಗಂಟೆಗಟ್ಟಲೆ ಸಿಗುತ್ತದೆ ಎಂಬ ಮಾತಿದೆ. ಅಲ್ಲಿ ಸೂರ್ಯ ಓರೆಯಾಗಿ ಏರುತ್ತಾನೆ, ಚಳಿಗಾಲದಲ್ಲಿ ದಿನವಿಡೀ ತಗ್ಗಿನಲ್ಲೇ ಇರುತ್ತಾನೆ. ತುಮಕೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಹತ್ತುತ್ತಾನೆ, ಹುಟ್ಟಿದ ಒಂದು ಗಂಟೆಗೆಲ್ಲ ಸುಮಾರು 14 ಡಿಗ್ರಿ ಮೇಲೇರಿರುತ್ತಾನೆ. ನಮಗೆ ಸಿಗುವ ಮೆತ್ತನೆಯ ಬೆಳಕು ಒಂದು ಗಂಟೆಯೊಳಗಿನದು. ಆಮೇಲೆ ಕೊಂಬಿನ ನೆರಳು ಕಣ್ಣ ಮೇಲೆ ಬೀಳತೊಡಗುತ್ತದೆ. ಹಾಗಾಗಿ ಸೂರ್ಯ ಹುಟ್ಟುವಾಗ ಮೈದನಹಳ್ಳಿಯ ದಾರಿಯಲ್ಲಿದ್ದರೆ ತಡವಾಯಿತು, ಜಾಗದಲ್ಲಿ ಕೂತಿರಬೇಕು.

ಬೆಳಕಿಗಿಂತ ದೊಡ್ಡ ಶತ್ರು ಬಿಸಿಲ ಝಳ. ಫೆಬ್ರುವರಿಯಿಂದ ಮೇವರೆಗೆ, ಒಂಬತ್ತು ಗಂಟೆಯಾಗುವುದರೊಳಗೆ ಬಯಲು ಕುದಿಯಲು ಶುರುವಾಗುತ್ತದೆ. ಕಾದ ನೆಲದಿಂದ ಏಳುವ ಬಿಸಿ ಗಾಳಿ, ಮೇಲಿನ ತಂಪು ಗಾಳಿ ಎರಡೂ ಬೆಳಕನ್ನು ಬೇರೆ ಬೇರೆಯಾಗಿ ಬಾಗಿಸುತ್ತವೆ. ಕಣ್ಣಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. 600 ಮಿಲಿಮೀಟರ್ ಲೆನ್ಸಿನಲ್ಲಿ ಇನ್ನೂರು ಮೀಟರ್ ಆಚೆಯ ಜಿಂಕೆಯನ್ನು ನೋಡಿದರೆ ಅದರ ಕಾಲುಗಳು ನೀರಿನಲ್ಲಿ ಅಲುಗಾಡಿದಂತೆ ಕಾಣುತ್ತವೆ. ಆಟೋಫೋಕಸ್ ಗೊಂದಲಕ್ಕೆ ಬೀಳುತ್ತದೆ. ತೆಗೆದ ಚಿತ್ರಗಳೆಲ್ಲ ಮೆದು. ಎಷ್ಟೋ ಜನ ಲೆನ್ಸ್ ಕೆಟ್ಟಿದೆ ಎಂದು ಸರ್ವಿಸಿಗೆ ಕೊಟ್ಟುಬಂದಿದ್ದಾರೆ. ಹೆಚ್ಚು ಉದ್ದದ ಲೆನ್ಸ್ ತಂದರೆ ಝಳವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ಬಗೆಹರಿಯುವುದಿಲ್ಲ. ನಡುವಿನ ಗಾಳಿ ಕಡಿಮೆಯಾಗಬೇಕು, ಇಲ್ಲವೇ ತಂಪಾಗಬೇಕು. ಮೋಡ ಮುಚ್ಚಿದ ದಿನ, ಮಳೆ ಬಿದ್ದ ಮಾರನೆಯ ಬೆಳಗ್ಗೆ ಹೋದರೆ ಆ ದೂರವೇ ಗಾಜಿನಷ್ಟು ತಿಳಿಯಾಗಿರುತ್ತದೆ. ಮುಂಗಾರಿನ ಬೂದು ಬೆಳಕನ್ನು ಬಣ್ಣವಿಲ್ಲದ್ದೆಂದು ಬಿಟ್ಟುಬಿಡುವವರಿಗೆ ನಾನು ಇದನ್ನೇ ಹೇಳುವುದು: ಹಸಿರು ಹುಲ್ಲು, ನೆರಳಿಲ್ಲದ ಬೆಳಕು, ಝಳವಿಲ್ಲದ ಗಾಳಿ, ಇವು ಮೂರೂ ಒಟ್ಟಿಗೆ ಸಿಗುವುದು ಆ ದಿನಗಳಲ್ಲೇ.

ಕೃಷ್ಣಮೃಗದ ಗಂಡು ಎಕ್ಸ್‌ಪೋಶರಿಗೆ, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಬಿಡಬೇಕು ಎಂಬ ಲೆಕ್ಕಕ್ಕೆ, ಒಂದು ಪರೀಕ್ಷೆ. ಬೆನ್ನು ಕಪ್ಪು, ಹೊಟ್ಟೆ ಅಚ್ಚ ಬಿಳಿ, ಕಣ್ಣ ಸುತ್ತ ಬಿಳಿ ಉಂಗುರ. ಕ್ಯಾಮೆರಾದ ಮೀಟರ್ ಎಲ್ಲವನ್ನೂ ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಗಂಡು ಚೌಕಟ್ಟು ತುಂಬಿ ನಿಂತರೆ ಕಪ್ಪನ್ನು ಬೂದು ಮಾಡಲು ಹೋಗಿ ಬಿಳಿಯನ್ನು ಸುಟ್ಟುಹಾಕುತ್ತದೆ. ಆಗ ಮೂರನೇ ಎರಡು ಸ್ಟಾಪ್ ಇಳಿಸಬೇಕು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ, ಏರಿಸಿದರೆ ಇಮ್ಮಡಿ). ಅದೇ ಗಂಡು ದೂರದಲ್ಲಿ, ಒಣಗಿದ ಹೊಂಬಣ್ಣದ ಹುಲ್ಲಿನ ನಡುವೆ ಸಣ್ಣದಾಗಿ ನಿಂತಿದ್ದರೆ ಮೀಟರ್ ಹುಲ್ಲಿನ ಹೊಳಪನ್ನು ತಗ್ಗಿಸಲು ಹೋಗಿ ಜಿಂಕೆಯನ್ನು ಮಸಿ ಮಾಡುತ್ತದೆ. ಆಗ ಏರಿಸಬೇಕು. ಪ್ರಾಣಿ ಅದೇ, ಬೆಳಕು ಅದೇ, ದೂರ ಬದಲಾದರೆ ಲೆಕ್ಕ ತಿರುಗುಮುರುಗು. ಚಿತ್ರದಲ್ಲಿ ಕಪ್ಪು ಬಿಳುಪು ಎಷ್ಟೆಷ್ಟಿದೆ ಎಂದು ತೋರಿಸುವ ಹಿಸ್ಟೋಗ್ರಾಮಿನ ಬಲತುದಿ ಗೋಡೆಗೆ ಬಡಿಯದಂತೆ ನೋಡಿಕೊಂಡರೆ ಸಾಕು. ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಚಿತ್ರ) ಕಪ್ಪಿನೊಳಗಿನ ವಿವರವನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಬಿಳಿಯೊಳಗೆ ಎತ್ತಲು ಏನೂ ಇರುವುದಿಲ್ಲ. ವಯಸ್ಸಿನ ಗಂಡುಗಳೂ ಎಲ್ಲ ಕಾಲದಲ್ಲಿ ಒಂದೇ ಕಪ್ಪಲ್ಲ, ಮರಿಗಂಡುಗಳಂತೂ ಹೆಣ್ಣಿನ ಹಾಗೆ ಕಂದು. ಆ ನಡುವಿನ ಬಣ್ಣದ ಗಂಡುಗಳ ಚಿತ್ರವನ್ನು ಯಾರೂ ತೆಗೆಯುವುದಿಲ್ಲ. ನನಗೆ ಅವೇ ಇಷ್ಟ.

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಪಾಠ ಪೂರ್ತಿ ಬೇರೆ. ಅಲ್ಲಿ ದೂರವೇ ಇಲ್ಲ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುತ್ತವೆ, ಕೆಳಗೆ ಜನ ದನ ಕಟ್ಟುತ್ತಾರೆ, ಮಕ್ಕಳು ಆಡುತ್ತವೆ. ಹಿಕ್ಕೆಯ ವಾಸನೆಯನ್ನೂ ಮರಿಗಳ ಗದ್ದಲವನ್ನೂ ಸಹಿಸಿಕೊಂಡು ಊರಿನವರು ಅವನ್ನು ಕಾಯ್ದುಕೊಂಡು ಬಂದಿದ್ದಾರೆ. ಬೇರೆಡೆ ತಿಂಗಳುಗಟ್ಟಲೆ ಹುಡುಕಬೇಕಾದ ಗೂಡು ಇಲ್ಲಿ ಬೀದಿಯಲ್ಲಿ ನಿಂತರೆ ಕಾಣುತ್ತದೆ. ಆಸೆ ಹುಟ್ಟುವುದೂ ಅಲ್ಲೇ. ಇನ್ನೊಂದು ಚೂರು ಹತ್ತಿರ, ಎದುರಿನ ಮನೆಯ ಮಾಳಿಗೆ ಹತ್ತಿದರೆ ಗೂಡಿನ ಮಟ್ಟಕ್ಕೇ ಹೋಗಬಹುದಲ್ಲ?

"ಮ್ಯಾಲಕ್ಕೆ ಹತ್ಬ್ಯಾಡಪ್ಪ, ದೊಡ್ಡವು ಎದ್ದೋದ್ರೆ ಮರಿ ಬಿದ್ದೋಯ್ತವೆ," ಎಂದರು ಜಗುಲಿಯ ಮೇಲೆ ಕೂತಿದ್ದ ಅಜ್ಜಿ. ಪಕ್ಷಿಶಾಸ್ತ್ರ ಹೇಳುವುದೂ ಇದನ್ನೇ. ಹಕ್ಕಿಗಳು ಗಾಬರಿಯಿಂದ ಎದ್ದಾಗ ಮರಿಗಳು ಅಂಚಿಗೆ ಸರಿದು ಬೀಳುತ್ತವೆ, ಕಾಗೆ ಹದ್ದುಗಳಿಗೆ ದಾರಿಯಾಗುತ್ತದೆ, ಬಿಸಿಲು ನೇರ ಮರಿಗಳ ಮೇಲೆ ಬೀಳುತ್ತದೆ. ಬಣ್ಣದ ಕೊಕ್ಕರೆ ಸುಡುಬಿಸಿಲಿನಲ್ಲಿ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿದು ನಿಲ್ಲುತ್ತದೆ, ಕೊಕ್ಕಿನಲ್ಲಿ ನೀರು ತಂದು ಮರಿಗಳಿಗೆ ಸುರಿಯುತ್ತದೆ. ಕಗ್ಗಲಡುವಿನಲ್ಲಿ ತೆಗೆಯಬೇಕಾದ ಚಿತ್ರ ಇದೇ, ಮತ್ತು ಇದು ಸಿಗುವುದು ಹಕ್ಕಿ ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳದಿದ್ದಾಗ ಮಾತ್ರ. ಬೀದಿಯಲ್ಲೇ, ಊರವರು ನಡೆದಾಡುವ ಜಾಗದಲ್ಲೇ ನಿಂತು, ನಡುಹಗಲಿನ ಒರಟು ಬೆಳಕಿನಲ್ಲಿ ತೆಗೆಯಬೇಕು. ರೆಕ್ಕೆಯೊಳಗಿಂದ ಸೋಸಿ ಬರುವ ಬೆಳಕು ಮರಿಗಳ ಮೇಲೆ ಬೀಳುವುದು ಆಗಲೇ. ಬಿಳಿ ಹಕ್ಕಿ ಹುಣಸೆಯ ಕಡುಹಸಿರಿನ ಮುಂದಿದ್ದರೆ ಎಕ್ಸ್‌ಪೋಶರ್ ಇಳಿಸಿ, ಅದೇ ಹಕ್ಕಿ ಬಿಳಿ ಆಕಾಶಕ್ಕೆ ಹಾರಿದರೆ ಒಂದು ಸ್ಟಾಪ್ ಏರಿಸಿ. ಎಲ್ಲವನ್ನೂ ಕೈಯಾರೆ ಹೊಂದಿಸುವ ಮ್ಯಾನ್ಯುಯಲ್ಲಿನಲ್ಲಿ ಹಕ್ಕಿಯ ಬಿಳಿಗೆ ಒಮ್ಮೆ ಹೊಂದಿಸಿಟ್ಟುಬಿಟ್ಟರೆ ಈ ಏರಿಳಿತದ ಗೋಜೇ ಇಲ್ಲ, ಹಿನ್ನೆಲೆ ಏನಾದರೂ ಆಗಲಿ ಹಕ್ಕಿಯ ಮೇಲಿನ ಬಿಸಿಲು ಬದಲಾಗುವುದಿಲ್ಲವಲ್ಲ. ಒಂದು ಮಾತು ಸೇರಿಸುತ್ತೇನೆ: ಹೆಂಚಿನ ಮನೆ, ಜಗುಲಿ, ದನದ ಕೊಟ್ಟಿಗೆ ಇವನ್ನು ಚೌಕಟ್ಟಿನಿಂದ ಹೊರಗಿಡಲು ಒದ್ದಾಡಬೇಡಿ. ಕೊಕ್ಕರೆ ಮಾತ್ರ ಬೇಕಿದ್ದರೆ ಅದು ಎಷ್ಟೋ ಕಡೆ ಸಿಗುತ್ತದೆ.

ಕಾನೂನೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬುದರ ವ್ಯಾಖ್ಯೆ ಕೋವಿ ಬಲೆಗಳಿಗೆ ನಿಲ್ಲುವುದಿಲ್ಲ, ಕಾಡುಹಕ್ಕಿಯ ಮೊಟ್ಟೆ ಗೂಡುಗಳಿಗೆ ತೊಂದರೆ ಕೊಡುವುದೂ ಅದರೊಳಗೆ ಬರುತ್ತದೆ. ಚಿತ್ರ ಚೆನ್ನಾಗಿ ಕಾಣಲೆಂದು ಗೂಡಿನ ಮುಂದಿನ ಒಂದು ಕೊಂಬೆ ಬಗ್ಗಿಸಿ ಕಟ್ಟಿದರೂ ಆ ಗೂಡು ಬಿಸಿಲಿಗೂ ಹದ್ದಿನ ಕಣ್ಣಿಗೂ ತೆರೆದುಕೊಂಡಂತೆ. ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ದೊಡ್ಡ ಪರಂಪರೆಯಿದೆ. ಬೆಂಗಳೂರಿನ ಒ.ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಇವರೆಲ್ಲ ರೋಲಿಗೆ 36 ಚಿತ್ರ ಮಾತ್ರ ಇದ್ದ ಫಿಲ್ಮಿನ ಕಾಲದಲ್ಲಿ ಹಕ್ಕಿ ಪ್ರಾಣಿಗಳನ್ನು ನಮಗೆ ತೋರಿಸಿದವರು. ಗೂಡಿನ ಎದುರು ಮರೆ ಕಟ್ಟಿ ಕೂತು ತೆಗೆಯುವುದು ಆಗ ಜಗತ್ತಿನೆಲ್ಲೆಡೆ ಒಪ್ಪಿತವಾಗಿದ್ದ ರೀತಿ. ಉದ್ದದ ಲೆನ್ಸುಗಳು ಕೈಗೆಟುಕುತ್ತಿರಲಿಲ್ಲ, ಕ್ಯಾಮೆರಾ ಹಿಡಿದವರು ಬೆರಳೆಣಿಕೆಯಷ್ಟು. ಇಂದು ಒಂದು ಗೂಡಿನ ಸುದ್ದಿ ಹಬ್ಬಿದರೆ ಭಾನುವಾರದ ಹೊತ್ತಿಗೆ ಮರದ ಕೆಳಗೆ ಮೂವತ್ತು ಟ್ರೈಪಾಡು. ಆ ಹಿರಿಯರ ಚಿತ್ರಗಳನ್ನು ನಾನು ಈಗಲೂ ಬೆರಗಿನಿಂದ ನೋಡುತ್ತೇನೆ, ಅವರ ತಾಳ್ಮೆಯನ್ನು ಕಲಿಯಲು ಯತ್ನಿಸುತ್ತೇನೆ, ಗೂಡಿನ ಬಳಿಗೆ ಮಾತ್ರ ಹೋಗುವುದಿಲ್ಲ.

ದೇವರಾಯನದುರ್ಗದ ಬಂಡೆಗಳ ಮೇಲಿನ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತದ ಒಣ ಕಲ್ಲುಗುಡ್ಡಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಚಿಕ್ಕಬಳ್ಳಾಪುರದ ನಂದಿಬೆಟ್ಟದಲ್ಲೂ ಇದೆ. ನಾಚಿಕೆಯ ಸ್ವಭಾವ, ಎಲೆಗಳ ನಡುವೆಯೇ ಸುಳಿಯುತ್ತದೆ. ಇದನ್ನು ಹೊರಗೆ ತರಲು ಕೆಲವರು ಮೊಬೈಲಿನಲ್ಲಿ ಅದರದೇ ಕೂಗು ಹಾಕುತ್ತಾರೆ. ಹಕ್ಕಿ ಬರುತ್ತದೆ, ತೆರೆದ ಕೊಂಬೆಯ ಮೇಲೆ ಕೂತು ಎದೆಯುಬ್ಬಿಸಿ ಕೂಗುತ್ತದೆ, ಚಿತ್ರ ಸಿಗುತ್ತದೆ. ಆದರೆ ಅದು ಬಂದದ್ದು ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಎಂಬ ಆತಂಕದಲ್ಲಿ. ಹುಡುಕುತ್ತದೆ, ಎದುರಾಳಿ ಕಾಣುವುದಿಲ್ಲ, ಕೂಗು ಮಾತ್ರ ನಿಲ್ಲುವುದಿಲ್ಲ. ಗೂಡು, ಮೇವು ಎರಡನ್ನೂ ಬಿಟ್ಟು ಇಲ್ಲದ ಶತ್ರುವಿನ ಜೊತೆ ಕಾದಾಡುತ್ತಿರುತ್ತದೆ. ನಂದಿಯಂಥ ಜನ ತುಂಬುವ ಜಾಗದಲ್ಲಿ ವಾರವಾರವೂ ಇದೇ ನಡೆದರೆ ಆ ಹಕ್ಕಿಯ ಗತಿಯೇನು? ಕೂಗು ಹಾಕದೆ ತೆಗೆಯುವ ದಾರಿ ನಿಧಾನದ್ದು, ಆದರೆ ಖಚಿತವಾದದ್ದು. ಹಣ್ಣು ಬಿಟ್ಟ ಅತ್ತಿ, ಗೋಣಿ, ಆಲದ ಮರವೊಂದನ್ನು ಹುಡುಕಿಕೊಂಡು, ಅದರ ಬಳಿ ಬಂಡೆಗೆ ಬೆನ್ನು ಕೊಟ್ಟು ಕೂರುವುದು. ಹಣ್ಣು ಮುಗಿಯುವವರೆಗೆ ಎಲ್ಲ ಪಿಕಳಾರಗಳೂ ಅಲ್ಲಿಗೇ ಬರುತ್ತವೆ. ಫೋಕಸ್ ಬಿಂದು ಒಂದನ್ನೇ ಇಟ್ಟುಕೊಳ್ಳಿ, ಎಲೆಗಳ ಗುಂಪಿನಲ್ಲಿ ಕ್ಯಾಮೆರಾ ತಾನೇ ಆರಿಸಿಕೊಂಡರೆ ಮುಂದಿನ ಎಲೆಯನ್ನೇ ಹಿಡಿಯುತ್ತದೆ.

ಅದೇ ಗುಡ್ಡಗಳಲ್ಲಿ ಕರಡಿ ಇದೆ, ಚಿರತೆಯೂ ಇದೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ಬಂಡೆಗಳ ನಡುವೆ ನಡೆಯಬೇಡಿ. ಕರಡಿಯ ಕಣ್ಣು ಮಂದ. ಹತ್ತಿರದಲ್ಲಿ ಥಟ್ಟನೆ ಎದುರಾದರೆ ಗಾಬರಿಯಿಂದ ಮೈಮೇಲೆ ಬೀಳುತ್ತದೆ, ಓಡುವುದಿಲ್ಲ. ಇಲ್ಲೂ ದೂರದ್ದೇ ಮಾತು, ಈ ಸಲ ನಮ್ಮ ಜೀವಕ್ಕಾಗಿ.

ತೀರ ಹೋಗಲೇಬಾರದ ಜಾಗವೂ ಇದೆ. ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯ ಕಲ್ಲುಗವಿಯಲ್ಲಿ ಕೋಲಾರದ ಹೆಸರನ್ನೇ ಹೊತ್ತ ಎಲೆಮೂಗಿನ ಬಾವಲಿಯಿದೆ. ಅಳಿವಿನ ಅಂಚಿನಲ್ಲಿರುವ ಜೀವಿ, ಅದು ಈಗ ಉಳಿದಿರುವುದು ಆ ಒಂದೇ ಜಾಗದಲ್ಲಿ ಎಂದು ತಜ್ಞರು ಗುರುತಿಸಿದ್ದಾರೆ. ಗವಿಯೊಳಗೆ ಫ್ಲ್ಯಾಶ್ ಹಿಡಿದು ಹೋಗಿ ತೆಗೆಯುವ ಯಾವ ಚಿತ್ರವೂ ಆ ಗುಂಪಿನ ನೆಮ್ಮದಿಗಿಂತ ದೊಡ್ಡದಲ್ಲ. ನಾನು ತೆಗೆದಿಲ್ಲ, ತೆಗೆಯುವುದೂ ಇಲ್ಲ. ಅಧ್ಯಯನ ಮಾಡುವವರು ತೆಗೆದದ್ದನ್ನು ನೋಡಿದರೆ ಸಾಕು.

ದೂರದಿಂದ ತೆಗೆದ ಚಿತ್ರದಲ್ಲಿ ಪ್ರಾಣಿ ಸಣ್ಣದಾಗುತ್ತದೆ, ನೆಲ ದೊಡ್ಡದಾಗುತ್ತದೆ. ಇದನ್ನು ಕೊರತೆ ಎಂದು ತಿಳಿದವರು ಕಂಪ್ಯೂಟರಿನಲ್ಲಿ ಕತ್ತರಿಸಿ ಕತ್ತರಿಸಿ ಕೊನೆಗೆ ಜಿಂಕೆಯ ಮುಖವಷ್ಟೇ ಉಳಿಸುತ್ತಾರೆ. ನನ್ನ ಮಟ್ಟಿಗೆ ನಮ್ಮ ಜಿಲ್ಲೆಗೆ ಬೇಕಾಗಿರುವುದೇ ಆ ದೊಡ್ಡ ನೆಲದ ಚಿತ್ರಗಳು. ಹುಲ್ಲುಗಾವಲನ್ನು ಕಾಗದದಲ್ಲಿ ಬಂಜರು, ಬೀಳು ಎಂದು ಬರೆಯುತ್ತ ಬಂದಿದ್ದೇವೆ. ಮರ ಇಲ್ಲದ್ದನ್ನು ಖಾಲಿ ಎಂದು ನೋಡುವ ಕಣ್ಣು ನಮ್ಮದು. ಹಾಗಾಗಿಯೇ ಅಲ್ಲಿ ಅಕೇಶಿಯಾ, ನೀಲಗಿರಿ ನೆಟ್ಟೆವು. ಪಾವಗಡದ ತಿರುಮಣಿಯ ಸುತ್ತ ರೈತರಿಂದ ಗುತ್ತಿಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕು ಎದ್ದಿದೆ. ವಿದ್ಯುತ್ ಬೇಕು, ಮಳೆಯಿಲ್ಲದ ಆ ಹೊಲಗಳ ಒಡೆಯರಿಗೆ ಗುತ್ತಿಗೆ ಹಣವೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಣ ನೆಲದ ಬಗ್ಗೆ ಮುಂದೆ ಇನ್ನೊಂದು ತೀರ್ಮಾನ ಆಗುವಾಗ, ಅಲ್ಲಿ ತೋಳ ನಡೆಯುತ್ತದೆ, ನರಿ ಮರಿ ಹಾಕುತ್ತದೆ, ಚಳಿಗಾಲಕ್ಕೆ ಉತ್ತರದಿಂದ ಸೆಳೆವ ಎಂಬ ಬೇಟೆಹಕ್ಕಿಗಳು ಬಂದು ಹುಲ್ಲಿನಲ್ಲೇ ಮಲಗುತ್ತವೆ ಎಂದು ತೋರಿಸುವ ಚಿತ್ರಗಳು ಮೇಜಿನ ಮೇಲಿರಬೇಕು. ಮುಖದ ಕ್ಲೋಸಪ್ಪು ಯಾವ ಮೃಗಾಲಯದಲ್ಲೂ ತೆಗೆಯಬಹುದು. ಹುಲ್ಲು, ಬಂಡೆಗುಡ್ಡ, ದೂರದ ಕರೆಂಟು ಕಂಬ, ಕುರಿಹಿಂಡು, ಇವುಗಳ ನಡುವೆ ನಿಂತ ಕೃಷ್ಣಮೃಗವನ್ನು ಮಧುಗಿರಿಯಲ್ಲಿ ಮಾತ್ರ ತೆಗೆಯಬಹುದು. ಇದಕ್ಕೆ ದುಬಾರಿ ಲೆನ್ಸ್ ಬೇಕಿಲ್ಲ, 70ರಿಂದ 200 ಮಿಲಿಮೀಟರಿನ ಸಾಧಾರಣ ಜೂಮ್ ಸಾಕು, ಎಷ್ಟೋ ಸಲ ಮೊಬೈಲೂ ಸಾಕು. ಎಫ್/11ಕ್ಕೆ ಹೋಗಿ ಎಲ್ಲವೂ ಚೂಪಾಗಿರಲಿ. ಪ್ರಾಣಿಯನ್ನು ನಡುವಿನಲ್ಲಿ ಇಡಬೇಡಿ, ಅದು ನೋಡುತ್ತಿರುವ ಕಡೆಗೆ ನೆಲ ಬಿಡಿ.

ಚೆಲುವೇ ಇಲ್ಲದ ಚಿತ್ರವೂ ದೊಡ್ಡ ಕೆಲಸ ಮಾಡಬಲ್ಲದು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆಯಿದೆ. ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಚಿಂಕಾರ ಎಂಬ ಸಣ್ಣ ಹುಲ್ಲೆ ಇದೆ ಎಂಬುದಕ್ಕೆ ಸಾಕ್ಷಿಯಾದದ್ದು ವನ್ಯಜೀವಿ ವಿಜ್ಞಾನಿ ಸಂಜಯ ಗುಬ್ಬಿಯವರ ತಂಡದ ಕ್ಯಾಮೆರಾ ಟ್ರ್ಯಾಪ್ ಚಿತ್ರಗಳು. ಮನುಷ್ಯರೇ ಇಲ್ಲದೆ, ಮರಕ್ಕೆ ಕಟ್ಟಿದ ಪೆಟ್ಟಿಗೆ ತಾನಾಗಿ ತೆಗೆದವು. 2019ರಲ್ಲಿ ಅದು ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿ ಧಾಮವಾಯಿತು. ಸ್ಪರ್ಧೆಗೆ ಕಳಿಸುವ ಚಿತ್ರದ ಜೊತೆಗೆ ಸಾಕ್ಷಿಯಾಗಬಲ್ಲ ಚಿತ್ರವನ್ನೂ ತೆಗೆಯುವ ಅಭ್ಯಾಸ ನಮಗೆ ಬರಬೇಕು ಎಂದು ನಾನು ಆಗಾಗ ಹೇಳುವುದು ಇದಕ್ಕೇ. ತಾರೀಖು, ಹೊತ್ತು, ಹಿಂಡಿನಲ್ಲಿ ಗಂಡು ಹೆಣ್ಣು ಮರಿ ಎಷ್ಟು, ಏನು ಮೇಯುತ್ತಿದ್ದವು ಎಂದು ಅವತ್ತೇ ಬರೆದಿಡಿ. ಹಕ್ಕಿಗಳಾದರೆ, ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಪಟ್ಟಿ ಹಾಕಿ.

ಹಂಚುವಾಗ ಮಾತ್ರ ಕೈ ಹಿಡಿತವಿರಲಿ. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಜಾಗದ ಗುರುತು ತಾನಾಗಿ ಕೂತಿರುತ್ತದೆ, ಹಾಕುವ ಮುನ್ನ ಅದನ್ನು ಅಳಿಸಿ. ಮೈದನಹಳ್ಳಿ, ಕಗ್ಗಲಡು ಎಲ್ಲರಿಗೂ ಗೊತ್ತಿರುವ ಜಾಗಗಳು, ಹೆಸರು ಹೇಳಿದರೆ ತೊಂದರೆಯಿಲ್ಲ. ಗೂಬೆಯ ಪೊಟರೆ, ತೋಳದ ಗುಂಡಿ, ನರಿಯ ಬಿಲ ಇವುಗಳಿಗೆ ಜಿಲ್ಲೆಯ ಹೆಸರಿಗಿಂತ ಹೆಚ್ಚು ಬರೆಯಬೇಡಿ. ಗೆಳೆಯರು ಕೇಳಿದರೂ ಅಷ್ಟೇ. ಬೇಕಿದ್ದರೆ ಜೊತೆಗೆ ಕರೆದುಕೊಂಡು ಹೋಗಿ ದೂರದಿಂದ ತೋರಿಸಿ. ಮಳೆ ಹಿಡಿದ ಮೇಲೆ ಬಯಲು ಹಸಿರಾಗುತ್ತದೆ, ಆಗ ಮೈದನಹಳ್ಳಿಗೆ ಬರುವವರು ಸಾಧ್ಯವಾದರೆ ಶನಿವಾರ ಭಾನುವಾರ ಬಿಟ್ಟು ಬನ್ನಿ, ನಾಲ್ಕು ಜನಕ್ಕೆ ಒಂದೇ ಗಾಡಿ ಸಾಕು, ಒಳಗೆ ಹೋಗುವ ಮುನ್ನ ಅರಣ್ಯ ಇಲಾಖೆಯವರ ಅನುಮತಿ ಪಡೆದಿರಿ.